ತವರಿಗೆ ಬಂದ ಹವಳ

ಆಷಾಢಕ್ಕೆ ತವರಿಗೆ ಬರುವ ಹೊಸ ಹೆಣ್ಣುಮಕ್ಕಳು ಒಂದು ಟ್ರಂಕು ಸೀರೆ, ಅತ್ತೆಯ ಮೇಲೆ ಒಂದಿಷ್ಟು ದೂರು ತಂದರೆ ಸಾಕು, ತವರಿನವರಿಗೆ ತೃಪ್ತಿ. ನಲ್ಲೂರಿನ ವೆಂಕಟರಾಯಪ್ಪನ ಒಬ್ಬಳೇ ಮಗಳು ಭಾಗ್ಯ ಸಮುದ್ರವನ್ನೇ ತಂದಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ಅದು. ಬಾಡಿಗೆ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿದ ಗಾಜಿನ ತೊಟ್ಟಿ, ಡಿಕ್ಕಿಯಲ್ಲಿ ಹಾಲಿನ ಕ್ಯಾನುಗಳ ತುಂಬ ಉಪ್ಪುನೀರು, ಇವೆರಡರ ನಡುವೆ ಎಲ್ಲೋ ಒಂದು ಕಡೆ ಹುಡುಗಿ. ಟ್ರಂಕನ್ನು ಮರೆತು ಬಂದಿದ್ದಳು.

ಇದಕ್ಕೆಲ್ಲ ಕಾರಣ ಅಳಿಯ ಮುನಿರಾಮಯ್ಯ. ತ್ಯಾಮಗೊಂಡ್ಲು ಕಡೆಯವನು, ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮಿಕ್ಕವರು ರಾಮೇಶ್ವರಕ್ಕೆ ಹೋದರೆ ಪ್ರಸಾದ ತರುತ್ತಾರೆ. ಇವನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೋಗಿ, ಆ ಕಡಲಿನಿಂದ ಜೀವಂತ ಹವಳವೊಂದನ್ನು ಕ್ಯಾನಿನಲ್ಲಿಟ್ಟು ತಂದು, ಬಾಡಿಗೆ ಮನೆಯ ಕಿಟಕಿಯ ಪಕ್ಕದಲ್ಲಿ ಸಾಕಿಕೊಂಡಿದ್ದ. ಅದಕ್ಕೆ ಬೇಕಾದ ಕಡಲ ನೀರು ಮದರಾಸಿನಿಂದ ಪರಿಚಯದ ಲಾರಿಯಲ್ಲಿ ಬರುತ್ತಿತ್ತು. ಮದುವೆಯಾದ ಮೇಲೆ ಅದಕ್ಕೆ ಊಟ ಹಾಕುವ ಕೆಲಸ ಭಾಗ್ಯಳ ಪಾಲಿಗೆ ಬಂತು. ಗಂಡ ಹಗಲೆಲ್ಲ ಕಾಲೇಜಿನಲ್ಲಿರುತ್ತಾನೆ, ಹೆಂಡತಿ ತವರಿಗೆ ಹೊರಟರೆ ಅದನ್ನು ನೋಡುವವರು ಯಾರು? ಹಾಗಾಗಿ ಹವಳವೂ ತವರಿಗೆ ಹೊರಟಿತು.

ಆಷಾಢದಲ್ಲಿ ಅತ್ತೆ ಅಳಿಯನ ಮುಖ ನೋಡಬಾರದು, ಇಬ್ಬರೂ ಒಂದೇ ಹೊಸಿಲು ದಾಟಬಾರದು. ವೆಂಕಟರಾಯಪ್ಪನ ಹೆಂಡತಿ ಲಕ್ಷ್ಮೀದೇವಮ್ಮ ಈ ವಿಷಯದಲ್ಲಿ ಒಂದು ಕೂದಲೆಳೆ ಆಚೀಚೆ ಆಗಗೊಡುವವಳಲ್ಲ. ಆದ್ದರಿಂದ ಮುನಿರಾಮಯ್ಯ ಊರಾಚೆಯ ಹುಣಿಸೆ ತೋಪಿನವರೆಗೆ ಬಂದು ಅಲ್ಲೇ ಕಾರಿನಿಂದ ಇಳಿದ. ಎದುರುಗೊಳ್ಳಲು ಬಂದಿದ್ದ ಮಾವನನ್ನು ಮರದ ಮರೆಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿದ.

“ಮಾವ, ಇದು ಸತ್ರೆ ನಂಗೆ ಬೇಜಾರು, ಅಷ್ಟೇ. ಆದ್ರೆ ನಮ್ಮಮ್ಮ ಸುಮ್ನಿರೋರಲ್ಲ. ಮಗ ಒಬ್ನೇ ಇದ್ದಾಗ ಚೆನ್ನಾಗಿತ್ತು, ಸೊಸೆ ಕಾಲಿಟ್ಟ ವರ್ಷನೇ ಹೋಯ್ತು ಅಂತ ತ್ಯಾಮಗೊಂಡ್ಲೆಲ್ಲಾ ಹೇಳ್ಕೊಂಡ್ ಬರ್ತಾರೆ.”

ಹೆಣ್ಣಿನ ಕಾಲ್ಗುಣದ ಮಾತು ಒಮ್ಮೆ ಹುಟ್ಟಿತೆಂದರೆ ಆಕೆಗೆ ಮೊಮ್ಮಕ್ಕಳಾದರೂ ಸಾಯುವುದಿಲ್ಲ ಎಂಬುದನ್ನು ವೆಂಕಟರಾಯಪ್ಪ ಕಂಡಿದ್ದ. ತನ್ನ ಮಗಳು ಆ ಮಾತು ಹೊತ್ತುಕೊಂಡು ಬಾಳುವುದೆಂದರೆ! ಆದರೆ ಅವನು ಸುತ್ತಮುತ್ತಲ ಊರುಗಳಿಗೆಲ್ಲ ಹೆಸರಾದ ದ್ರಾಕ್ಷಿ ಬೆಳೆಗಾರ. ಬೇರೆಯವರ ತೋಟದಲ್ಲಿ ಕೈಬಿಟ್ಟ ಬಳ್ಳಿಯನ್ನೂ ಕತ್ತರಿಯಿಂದ ಸವರಿ ಚಿಗುರಿಸಿದವನು ಎಂಬ ಹಮ್ಮು ಮೀಸೆಯ ಜೊತೆಗೇ ಬೆಳೆದಿತ್ತು. ತನ್ನ ಕೈಯಲ್ಲಿ ಇದುವರೆಗೆ ಒಂದು ಬಳ್ಳಿಯೂ ಒಣಗಿಲ್ಲ, ನೀವು ಧೈರ್ಯವಾಗಿ ಹೋಗಿ ಎಂದು ಅಳಿಯನ ಬೆನ್ನು ತಟ್ಟಿ ಕಳಿಸಿದ.

ಮನೆಗೆ ಹವಳ ಬಂದಿದೆಯಂತೆ ಎಂಬ ಸುದ್ದಿ ಕೇಳಿ ಊರ ಹೆಂಗಸರೆಲ್ಲ ಕೆಂಪು ಸರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಿಬಂದರು. ಕಂಡದ್ದು ಕಲ್ಲಿನ ಮೇಲೆ ಕೂತ ಒಂದು ದಪ್ಪ ಅಣಬೆ. ಮಾಸಲು ಬಣ್ಣ, ಮುಟ್ಟಿದರೆ ಮೆತ್ತಗೆ. ಲಕ್ಷ್ಮೀದೇವಮ್ಮ ಅದನ್ನು ನೋಡಿ, ಕುರಿ ಕೊಯ್ದಾಗ ಇಂಥದ್ದನ್ನು ನಾಯಿಗೆ ಹಾಕುತ್ತೇವಲ್ಲ ಎಂದಳು. ಆದರೆ ಮಾರನೆಯ ಬೆಳಿಗ್ಗೆ ಪಡಸಾಲೆಯ ಮೂಡಣ ಕಿಟಕಿಯಿಂದ ಬಿಸಿಲು ಬಿದ್ದಾಗ, ಅದರ ಮೈಮೇಲೆಲ್ಲ ಎಳೆಎಳೆಯಾಗಿ ಪುಟ್ಟ ಬೆರಳುಗಳು ಎದ್ದು ನೀರಿನಲ್ಲಿ ತೂಗಾಡತೊಡಗಿದವು. ಲಕ್ಷ್ಮೀದೇವಮ್ಮ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ನಾಯಿಯ ಮಾತೆತ್ತಲಿಲ್ಲ.

ಅದನ್ನು ಸಾಕುವುದು ಎಳೆಗೂಸನ್ನು ಸಾಕಿದಂತೆಯೇ ಇತ್ತು. ನೀರು ಆವಿಯಾಗಿ ಇಳಿದಷ್ಟೂ ಸಿಹಿನೀರನ್ನೇ ಹಾಕಬೇಕು, ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ ಎಂದು ಭಾಗ್ಯ ಎಷ್ಟು ಹೇಳಿದರೂ ಲಕ್ಷ್ಮೀದೇವಮ್ಮ ದಿನಾ ಒಂದು ಬೆರಳು ಅದ್ದಿ, ಸಾರಿನ ರುಚಿ ನೋಡಿದಂತೆ ನೋಡಿಯೇ ಒಪ್ಪುತ್ತಿದ್ದಳು. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ತೊಟ್ಟಿಯ ನೀರಿಗೆ ಗಾಳಿ ಕೊಡಲು ವೆಂಕಟರಾಯಪ್ಪ ಒಂದು ಹಳೆಯ ಲಾರಿ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ, ಗುಳುಗುಳು ಎನ್ನಿಸುತ್ತ ಕೂರುತ್ತಿದ್ದ. ಊಟವೆಂದರೆ ದೇವನಹಳ್ಳಿ ಸಂತೆಯಿಂದ ತಂದ ಒಣ ಸೀಗಡಿ. ಅದನ್ನು ನುಣ್ಣಗೆ ಕುಟ್ಟಿ, ನೆನೆಸಿ, ಬಟ್ಟೆಯಲ್ಲಿ ಸೋಸಿ, ಪೆನ್ನಿಗೆ ಇಂಕು ತುಂಬುವ ಫಿಲ್ಲರಿನಲ್ಲಿ ಹೀರಿ, ಬೆರಳುಗಳು ಅರಳಿರುವ ಹೊತ್ತು ನೋಡಿ ಮೇಲಿನಿಂದ ತೊಟ್ಟು ತೊಟ್ಟು ಬಿಡಬೇಕು. ಹೆಚ್ಚಾದರೆ ನೀರು ಕೆಡುತ್ತದೆ.

ಕ್ಯಾನುಗಳಲ್ಲಿದ್ದ ಮಿಕ್ಕ ನೀರಿನ ಕಥೆಯೇ ಬೇರೆ. ಪಕ್ಕದ ತೋಟದ ಗಂಗಣ್ಣ, ಅಮಾವಾಸ್ಯೆಗೆ ಸಮುದ್ರಸ್ನಾನ ಮಾಡಿದರೆ ಪುಣ್ಯವಂತೆ, ರೈಲು ಹತ್ತುವುದು ತನಗೆ ಆಗದು, ಒಂದು ಚೊಂಬು ಕೊಡಿ ಎಂದು ಬಂದ. ಅವನಿಗೆ ಕೊಟ್ಟ ಮೇಲೆ ಅವನ ಹೆಂಡತಿಗೆ ಇಲ್ಲವೆನ್ನಲಾದೀತೆ? ಅವಳಿಗೆ ಕೊಟ್ಟ ಮೇಲೆ ಓಣಿಗೆ? ಅರ್ಧ ಕ್ಯಾನು ಹೀಗೆ ಊರಿನ ಪಾಪ ತೊಳೆಯಲು ಖರ್ಚಾದ ಮೇಲೆ ಭಾಗ್ಯ ಉಳಿದದ್ದನ್ನು ಅಟ್ಟದ ಮೇಲೆ ಹತ್ತಿಸಿದಳು.

ನಿಜ ಹೇಳಬೇಕೆಂದರೆ ವೆಂಕಟರಾಯಪ್ಪನಿಗೆ ಆ ದಿನಗಳಷ್ಟು ಸುಖದ ದಿನಗಳು ಬಹಳ ಕಾಲದಿಂದ ಬಂದಿರಲಿಲ್ಲ. ಮಗಳು ಹೋದ ಮೇಲೆ ಮನೆ ಬಣಬಣ ಎನ್ನುತ್ತಿತ್ತು. ಈಗ ಅಪ್ಪ ಮಗಳು ಬೆಳಿಗ್ಗೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳುಗಳು ಅರಳುವುದನ್ನು ಕಾಯುತ್ತಿದ್ದರು. ಆಷಾಢಕ್ಕೆ ಇನ್ನೊಂದು ತಿಂಗಳು ಸೇರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬೆರಳುಗಳು ಏಳಲಿಲ್ಲ. ಮರುದಿನವೂ ಏಳಲಿಲ್ಲ. ಅಣಬೆಯ ಕೊಡೆ ಮುದುಡಿತು, ಮೈಮೇಲೆ ಮೇಣ ಬಳಿದ ಹಾಗೆ ಒಂದು ಹೊಳಪು ಪೊರೆ ಕಟ್ಟಿತು, ಅಂಚಿನಲ್ಲಿ ಕೊಳಕು ಕೂತಿತು. ಲಕ್ಷ್ಮೀದೇವಮ್ಮ ಇದು ಊರವರ ಕಣ್ಣೆಂದು ತೀರ್ಮಾನಿಸಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು, ಹವಳ ಮಿಸುಕಲಿಲ್ಲ. ವೆಂಕಟರಾಯಪ್ಪನಿಗೆ ಅನ್ನ ಇಳಿಯದಾಯಿತು. ಅವನ ಕಣ್ಣಿಗೆ ತೊಟ್ಟಿಯ ನೀರಿನಲ್ಲಿ ತ್ಯಾಮಗೊಂಡ್ಲಿನ ಬೀಗಿತ್ತಿಯ ಮುಖವೇ ಕಾಣುತ್ತಿತ್ತು.

ಭಾಗ್ಯ ಗಂಭೀರವಾಗಿ, ಇದನ್ನು ಅವರನ್ನೇ ಕೇಳಬೇಕು ಎಂದಳು. ಅಳಿಯನಿಗೆ ತಂತಿ ಹೋಯಿತು. ಮುನಿರಾಮಯ್ಯ ಮಾರನೆಯ ದಿನವೇ ಕಾಲೇಜಿಗೆ ರಜೆ ಹಾಕಿ ಬಂದ. ಆದರೆ ಬಂದು ಎಲ್ಲಿಗೆ ಹೋಗುವುದು? ಲಕ್ಷ್ಮೀದೇವಮ್ಮ ಮನೆ ಬಿಟ್ಟು ಕದಲುವುದಿಲ್ಲ, ತೊಟ್ಟಿಯನ್ನು ಕದಲಿಸುವಂತಿಲ್ಲ. ಕೊನೆಗೆ ವೈದ್ಯರು ಹುಣಿಸೆ ತೋಪಿನಲ್ಲಿ ಕೂರುವುದು, ಭಾಗ್ಯ ಹೋಗಿ ರೋಗಿಯ ಸ್ಥಿತಿ ಹೇಳಿ ಬರುವುದು ಎಂದಾಯಿತು. ಅವಳು ಊಟದ ಕ್ಯಾರಿಯರ್ ಹಿಡಿದು ಹೊತ್ತೇರುವ ಮುಂಚೆ ಹೋದವಳು, ದನ ಮನೆಗೆ ಬರುವ ಹೊತ್ತಿಗೆ ಬಂದಳು. ಇನ್ನೂ ನೋಡಬೇಕಂತೆ, ನಾಳೆ ಮತ್ತೆ ಬಂದು ಹೇಳು ಅಂದರು ಎಂದಳು. ನಾಳೆಯೂ ಹಾಗೇ ಆಯಿತು, ನಾಡಿದ್ದೂ ಹಾಗೇ. ಅಳಿಯ ದೇವನಹಳ್ಳಿಯಲ್ಲಿ ಸ್ನೇಹಿತನ ಕೋಣೆಯಲ್ಲಿ ಉಳಿದು ಬೆಳಿಗ್ಗೆ ಬೆಳಿಗ್ಗೆಯೇ ತೋಪಿಗೆ ಬಂದು ಕೂರುತ್ತಿದ್ದ.

ಒಂದು ಕಲ್ಲಿನ ಕಾಯಿಲೆ ವಿವರಿಸಲು ಅಷ್ಟು ಹೊತ್ತು ಬೇಕೇ ಎಂದು ಬೇರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ವೆಂಕಟರಾಯಪ್ಪನಿಗೆ ಬರಲಿಲ್ಲ. ಅವನಿಗೆ ಇದ್ದದ್ದು ಒಂದೇ ಯೋಚನೆ. ಓದಿದವರು ಹೀಗೆ ನಾಳೆ ನಾಳೆ ಎನ್ನುತ್ತ ಕೂತರೆ ಜೀವ ಹೋಗುತ್ತದೆ. ಅಂಚು ಕೊಳೆಯುತ್ತಿದೆ ಎಂದರೆ ಏನು ಮಾಡಬೇಕು? ದ್ರಾಕ್ಷಿ ಚಪ್ಪರದ ಕೆಳಗೆ ಕತ್ತು ಎತ್ತಿ ಎತ್ತಿ ಅರ್ಧ ಆಯುಷ್ಯ ಕಳೆದವನಿಗೆ ಇದನ್ನೂ ಹೇಳಿಕೊಡಬೇಕೇ? ಸತ್ತ ಭಾಗವನ್ನು ಜೀವ ಇರುವ ತನಕ ಸವರಬೇಕು.

ಮಗಳು ತೋಪಿಗೆ ಹೋಗಿದ್ದಳು. ಹೆಂಡತಿ ಹಿತ್ತಲಲ್ಲಿದ್ದಳು. ವೆಂಕಟರಾಯಪ್ಪ ದ್ರಾಕ್ಷಿ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು, ತಿಮ್ಮಪ್ಪನನ್ನು ನೆನೆದು, ಕೈಯನ್ನು ತೋಳಿನ ತನಕ ನೀರಿಗೆ ಇಳಿಸಿ, ಕೊಡೆಯ ಅಂಚನ್ನು ಸುತ್ತ ಕಚಕಚನೆ ಕತ್ತರಿಸಿದ. ತುಂಡುಗಳು ತೊಟ್ಟಿಯ ತಳಕ್ಕೆ ಬಿದ್ದವು. ಗಾಯಕ್ಕೆ ಹಚ್ಚಲು ಮೈಲುತುತ್ತ ಸುಣ್ಣ ಕಲಸಿದ ಮುಲಾಮನ್ನು ತೆಂಗಿನ ಚಿಪ್ಪಿನಲ್ಲಿ ಸಿದ್ಧ ಮಾಡಿಕೊಂಡಿದ್ದ. ನೀರಿನೊಳಗೆ ಮುಲಾಮು ಹಚ್ಚುವುದು ಹೇಗೆ ಎಂದು ತಿಳಿಯದೆ ಅವನು ಅಲ್ಲಿಗೆ ನಿಂತ. ಹವಳದ ಅದೃಷ್ಟ ದೊಡ್ಡದು. ಆ ಮೈಲುತುತ್ತದ ಒಂದು ಚಿಟಿಕೆ ಬಿದ್ದಿದ್ದರೂ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಉಳಿದ ಮೋಟು ಒಮ್ಮೆ ನಡುಗಿ ಹಿಡಿಯಷ್ಟಾಯಿತು. ಕತ್ತರಿಸಿದ ಕಡೆಯಿಂದ ಲೋಳೆ ಬಂತು, ನೀರು ಅಕ್ಕಿ ತೊಳೆದ ನೀರಿನಂತಾಯಿತು, ಕೆಟ್ಟ ವಾಸನೆ ಎದ್ದಿತು. ಯಾವ ಬಳ್ಳಿಯೂ ಹೀಗೆ ಮಾಡಿರಲಿಲ್ಲ. ತಾನು ಮಗಳ ಬಾಳನ್ನೇ ಕತ್ತರಿಸಿಬಿಟ್ಟೆ ಎಂದು ವೆಂಕಟರಾಯಪ್ಪನಿಗೆ ಅನ್ನಿಸಿತು. ಕೈಯಲ್ಲಿ ಕತ್ತರಿ ಹಿಡಿದಿರುವುದನ್ನೂ ಮರೆತು ತೋಪಿನ ಕಡೆಗೆ ಓಡಿದ.

ತೋಪಿನಲ್ಲಿ ದಪ್ಪ ಬೇರೊಂದರ ಮೇಲೆ ವೈದ್ಯರು ಒರಗಿಕೊಂಡಿದ್ದರು. ರೋಗಿಯ ಕಡೆಯವಳು ಅವರ ತಟ್ಟೆಗೆ ಕೋಸಂಬರಿ ಬಡಿಸುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ವೆಂಕಟರಾಯಪ್ಪ ಏದುಸಿರು ಬಿಡುತ್ತ ಮರದ ಹಿಂದೆ ನಿಂತ.

“ಪೊರೆ ಬಿಟ್ಟು ಅರಳ್ಕೊಂಡ್ರೆ ಏನ್ ಮಾಡ್ತೀಯ?” ಎಂದ ಮುನಿರಾಮಯ್ಯ. “ವರ್ಷಕ್ಕೆ ಎಷ್ಟೋ ಸಲ ಹಿಂಗೆ ಮುಚ್ಕೊಂಡು ಏಳುತ್ತೆ ಅಂತ ನಿಮ್ಮಪ್ಪಂಗೆ ಗೊತ್ತಾದ್ರೆ?”

“ನಮ್ಮಪ್ಪಂಗೆ ಹೆಂಗ್ ಗೊತ್ತಾಗುತ್ತೆ? ಅರಳಿದ್ರೆ ಇನ್ನೇನೋ ಕಾಯ್ಲೆ ಹೇಳಿದ್ರಾಯ್ತು,” ಎಂದಳು ಭಾಗ್ಯ.

ವೆಂಕಟರಾಯಪ್ಪ ಮರದ ಮರೆಯಿಂದ ಈಚೆಗೆ ಬಂದ. ಅವನಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಅಳು. ಮಗಳು ಎದ್ದು ನಿಂತಳು, ಅಳಿಯನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ನಾನು ಅದನ್ನ ಸವರ್ಬಿಟ್ಟೆ ಕಣಮ್ಮ,” ಎಂದ ವೆಂಕಟರಾಯಪ್ಪ.

ಇಬ್ಬರೂ ಅವನ ಕೈಯಲ್ಲಿದ್ದ ಕತ್ತರಿಯನ್ನು ನೋಡಿದರು. ಮುಂದಿನ ಗಳಿಗೆಯಲ್ಲಿ ಮುನಿರಾಮಯ್ಯ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಊರ ಕಡೆಗೆ ಓಡುತ್ತಿದ್ದ. ಅವನ ಹಿಂದೆ ಭಾಗ್ಯ, ಅವಳ ಹಿಂದೆ ಕತ್ತರಿ ಹಿಡಿದ ಮಾವ. ದಾರಿಯಲ್ಲಿ ಸಿಕ್ಕ ಗಂಗಣ್ಣ, ಸಂಸಾರದಲ್ಲಿ ಏನೋ ಭಾರಿ ಎಡವಟ್ಟಾಗಿದೆ ಎಂದುಕೊಂಡು ಬೇಲಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಲಕ್ಷ್ಮೀದೇವಮ್ಮ ಬಾಗಿಲಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆಷಾಢದ ನಡುಮಧ್ಯಾಹ್ನ ಅಳಿಯ ಎದುರಿಗೇ ಬಂದು, ಹೊಸಿಲನ್ನೂ ಅತ್ತೆಯನ್ನೂ ಒಟ್ಟಿಗೆ ದಾಟಿ ಒಳಗೆ ನುಗ್ಗಿದ. ಅವಳು ಅಕ್ಕಿಯನ್ನೆಲ್ಲ ಮಡಿಲಿಗೆ ಸುರಿದುಕೊಂಡು ಖಾಲಿ ಮೊರವನ್ನು ಮುಖಕ್ಕೆ ಹಿಡಿದಳು.

“ಅಳಿಯಂದ್ರು ಬಂದಿರಬೋದು. ನಾನಂತೂ ನೋಡ್ಲಿಲ್ಲ,” ಎಂದಳು ಮೊರದ ಹಿಂದಿನಿಂದ.

ಮುನಿರಾಮಯ್ಯ ತೊಟ್ಟಿಯೊಳಗೆ ಕೈಯಿಟ್ಟು ಮೋಟನ್ನು ಮೆಲ್ಲಗೆ ಮುಟ್ಟಿ ನೋಡಿದ. ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ವೆಂಕಟರಾಯಪ್ಪ ಗೋಡೆಗೆ ಆತುಕೊಂಡಿದ್ದ. ಕೊನೆಗೆ ಅಳಿಯ ನೆಲದ ಮೇಲೆ ಕೂತು ನಗತೊಡಗಿದ. ಮೋಟು ಬದುಕಿದೆ, ಮತ್ತೆ ಕೊಡೆ ಬಿಡುತ್ತದೆ, ಅಷ್ಟೇ ಅಲ್ಲ, ಈ ತುಂಡುಗಳೂ ಕಲ್ಲಿಗೆ ಕಚ್ಚಿಕೊಂಡರೆ ಒಂದೊಂದೂ ಒಂದು ಹವಳವೇ ಆಗುತ್ತದೆ ಎಂದ. ತಾನೇ ಕತ್ತರಿಸಿ ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದನಂತೆ, ಕೈ ಬಂದಿರಲಿಲ್ಲವಂತೆ. ಭಾಗ್ಯ ಹೊಲಿಗೆ ದಾರ ತಂದಳು. ಅಟ್ಟದ ಕ್ಯಾನು ಇಳಿಯಿತು, ಕೊಳೆ ನೀರು ಹೊರಗೆ ಹೋಗಿ ಹೊಸ ಕಡಲ ನೀರು ಬಂತು. ಒಂದೊಂದು ತುಂಡನ್ನೂ ಒಂದೊಂದು ಕಲ್ಲಿಗೆ ಸಡಿಲವಾಗಿ ಕಟ್ಟಿದರು. ಲಕ್ಷ್ಮೀದೇವಮ್ಮ ಒಂದು ಕೈಯಲ್ಲಿ ಮೊರ ಹಿಡಿದು ಇನ್ನೊಂದು ಕೈಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟಳು, ಅಳಿಯನಿಗೆ ಮಾತ್ರ ಅಂದಾಜಿನ ಮೇಲೆ.

ಕಾಫಿ ಕುಡಿದ ಮೇಲೆ ಮುನಿರಾಮಯ್ಯ ಸಪ್ಪಗಾದ. ತುಂಡುಗಳು ಬೇರೂರುವ ತನಕ ತೊಟ್ಟಿಯನ್ನು ಅಲುಗಿಸುವ ಹಾಗಿಲ್ಲ. ಕಾರಿನಲ್ಲಿ ಹಾಕಿಕೊಂಡು ಹೋಗುವ ಮಾತು ದಸರಾ ಕಳೆದ ಮೇಲೆಯೇ. ಅಲ್ಲಿಯವರೆಗೆ ಊಟ ಹಾಕಲು ಯಾರಾದರೂ ಬೇಕಲ್ಲ, ಎಂದು ಹೇಳಿ ಹೆಂಡತಿಯ ಕಡೆ ನೋಡಿದ. ಹಾಗಾದರೆ ಭಾಗ್ಯ ದಸರಾವರೆಗೂ ಇಲ್ಲೇ ಇರಲಿ ಎಂದು ಮೊರದ ಹಿಂದಿನಿಂದ ಬಂದ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು.

ವೆಂಕಟರಾಯಪ್ಪನ ಎದೆಯೂ ಒಂದು ಸಲ ಕುಣಿಯಿತು. ದಸರಾವರೆಗೆ ಮಗಳು ಮನೆಯಲ್ಲಿ! ಆಷಾಢವನ್ನು ಉದ್ದ ಮಾಡು ಎಂದು ಅವನು ಕೇಳಿದ್ದೇ ಇದನ್ನು. ಆಗ ಅವನು ಮಗಳ ಮುಖ ನೋಡಿದ. ಅವಳು ದಾರದ ಉಂಡೆಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಹುಟ್ಟಿದಂದಿನಿಂದ ಅಪ್ಪನಿಗೆ ಒಂದು ಸುಳ್ಳೂ ಹೇಳದ ಹುಡುಗಿ, ಗಂಡನ ಪಕ್ಕ ಒಂದು ಹಗಲು ಕೂರುವುದಕ್ಕಾಗಿ ದಿನಾ ಸುಳ್ಳು ಹೇಳಿದ್ದಳು. ಅವಳ ಮನೆ ಈಗ ಇದಲ್ಲ. ಮದುವೆಯ ಮಂಟಪದಲ್ಲಿ ಧಾರೆ ಎರೆದಾಗ ಆಗದ ಸಂಕಟ ಅವನಿಗೆ ಈಗ ಆಯಿತು.

“ಆಷಾಢ ಮುಗೀತಿದ್ದಂಗೆ ನೀನು ಹೊರಡಮ್ಮ,” ಎಂದ. “ಇದು ಇಲ್ಲೇ ಇರ್ಲಿ. ನಾನ್ ನೋಡ್ಕೊತೀನಿ.”

ಮುನಿರಾಮಯ್ಯ ಕೆಮ್ಮಿ, ಹಾಗಾದರೆ ಆ ಕತ್ತರಿಯನ್ನು ತನ್ನ ಕೈಗೆ ಕೊಟ್ಟುಬಿಡಿ ಎಂದು ಕೇಳಿಕೊಂಡ. ಉಳಿದ ದಿನಗಳಲ್ಲಿ ಭಾಗ್ಯ ಅಪ್ಪನಿಗೆ ಸೀಗಡಿ ಕುಟ್ಟುವುದು, ಸೋಸುವುದು, ತೊಟ್ಟು ಬಿಡುವುದು ಎಲ್ಲವನ್ನೂ ಕಲಿಸಿದಳು. ಒಂದು ಹೊತ್ತಿನ ಊಟ ತಪ್ಪಿದರೂ ತುಂಡುಗಳು ಉಳಿಯವೇನೋ ಎಂಬ ಹೆದರಿಕೆ ಅವನದು, ಒಂದು ಹೊತ್ತೂ ತಪ್ಪಿಸುವುದಿಲ್ಲ ಎಂದು ಮಗಳ ಕೈ ಮುಟ್ಟಿ ಭಾಷೆ ಕೊಟ್ಟ. ಆಷಾಢದ ಅಮಾವಾಸ್ಯೆ ಕಳೆದ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು.

ಅದೇ ಬೆಳಿಗ್ಗೆ ಶ್ರಾವಣ ಹುಟ್ಟಿತು. ಈ ಗಂಡಸು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಲಕ್ಷ್ಮೀದೇವಮ್ಮ ಮನೆಯನ್ನೆಲ್ಲ ತೊಳೆದು, ಮಾಂಸದ ಬಾಡು ಬೇಯಿಸಿದ ಮಡಕೆಗಳನ್ನು ಅಟ್ಟಕ್ಕೆ ಹಾಕಿ, ತಿಮ್ಮಪ್ಪನ ಪಟಕ್ಕೆ ತುಳಸಿ ಏರಿಸಿ, ಸೀಗಡಿಯ ಡಬ್ಬಿಯನ್ನು ಬೀದಿಗೆ ಎಸೆದು ಬಂದಳು.

“ಶ್ರಾವಣದಲ್ಲಿ ಈ ಮನೇಲಿ ಕಲ್ಲಿಗೂ ಬಾಡಿಲ್ಲ. ರಾಗಿ ಗಂಜಿ ಹಾಕಿ. ಆಗಲ್ಲ ಅಂದ್ರೆ ತೊಟ್ಟಿ ಎತ್ತಿ ಹಿತ್ತಲಿಗೆ ಇಡ್ತೀನಿ.”

ಎತ್ತುವಂತಿಲ್ಲ. ಗಂಜಿ ಹಾಕಿದರೆ ನೀರು ಹಳಸುತ್ತದೆ. ವೆಂಕಟರಾಯಪ್ಪ ತಲೆಯಾಡಿಸಿ, ಗಂಜಿಯ ಲೋಟ ಹಿಡಿದು ತೊಟ್ಟಿಯ ಮುಂದೆ ಕೂತು, ಹೆಂಡತಿ ಆಚೆ ತಿರುಗಿದಾಗ ತಾನೇ ಕುಡಿದ. ಆಮೇಲೆ ತೋಟದ ಪಂಪ್ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಹೊಸದಾಗಿ ಕೊಂಡು ತಂದ ಸೀಗಡಿ ಕುಟ್ಟಿ, ಫಿಲ್ಲರನ್ನು ಅಂಗಿಯ ಒಳಜೇಬಿನಲ್ಲಿಟ್ಟು ತಂದು ಕದ್ದು ತೊಟ್ಟು ಬಿಟ್ಟ. ಹುಟ್ಟಿದಾಗಿನಿಂದ ಶ್ರಾವಣದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನುಷ್ಯ ತಿಮ್ಮಪ್ಪನ ಪಟದ ಎದುರಿಗೆ ಕಳ್ಳನಾದ.

ಸೀಗಡಿಯ ವಾಸನೆಯನ್ನು ಎಷ್ಟು ದಿನ ಮುಚ್ಚಿಡಲಾದೀತು? ಮೊದಲು ಗಂಗಣ್ಣ ಪಂಪ್ ಮನೆಯ ಹತ್ತಿರ ಮೂಗು ಅರಳಿಸಿ ನಕ್ಕು ಹೋದ. ಅವನು ತನ್ನ ಹೆಂಡತಿಗೆ ಹೇಳಿದ, ಅವಳು ಬಾವಿಕಟ್ಟೆಗೆ ಹೇಳಿದಳು. ಒಂದು ಶನಿವಾರ ಬೆಳಿಗ್ಗೆ ವೆಂಕಟರಾಯಪ್ಪ ಬಾಗಿಲು ದಾಟುತ್ತಿದ್ದಂತೆ ಲಕ್ಷ್ಮೀದೇವಮ್ಮ ಅವನ ಕೈ ಹಿಡಿದು ಮೂಸಿದಳು. ಯಾರು ತಿನ್ನುತ್ತಿರುವುದು, ನೀವೋ ಕಲ್ಲೋ ಎಂದು ಕೇಳಿದಳು.

ಅವನು ಕಿಟಕಿಯ ಕಡೆ ನೋಡಿದ. ಬೆಳಗಿನ ಬಿಸಿಲಿನಲ್ಲಿ ಮೋಟಿನ ಮೇಲೆ ಬೆರಳುಗಳು ಮೂಡಿದ್ದವು. ಒಂದು ತುಂಡು ಆಗಲೇ ಕಲ್ಲಿಗೆ ಕಚ್ಚಿಕೊಂಡಿತ್ತು.

“ನಾನೇ ತಿಂದೆ,” ಎಂದ ವೆಂಕಟರಾಯಪ್ಪ.

ಅಂದಿನಿಂದ ಅವನ ತಟ್ಟೆ ಜಗುಲಿಗೆ ಬಂತು. ಒಳಗೆ ಬರಬೇಕಾದರೆ ಪ್ರತಿ ಸಲವೂ ತಣ್ಣೀರು ಸ್ನಾನ. ಶ್ರಾವಣ ಮುಗಿದ ಮೇಲೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ತಪ್ಪು ಕಾಣಿಕೆ ಹಾಕುವುದೂ ನಿಶ್ಚಯವಾಯಿತು. ಓಣಿಯಲ್ಲಿ ಹೋಗುವವರು ಜಗುಲಿಯ ಕಡೆ ನೋಡಿ ನಗುತ್ತಿದ್ದರು. ಲಕ್ಷ್ಮೀದೇವಮ್ಮ ಸಾರು ಬಡಿಸಲು ಬಂದಾಗಲೆಲ್ಲ ಕಿಟಕಿಯೊಳಗಿನ ತೊಟ್ಟಿಯನ್ನು ತೋರಿಸುತ್ತಿದ್ದಳು.

“ನೋಡಿ, ಬರೀ ರಾಗಿ ಗಂಜಿ ಕುಡ್ಕೊಂಡು ಎಷ್ಟ್ ಚೆನ್ನಾಗ್ ಬೆಳೀತಾವೆ. ಕಲ್ಲಿಗಿರೋ ಭಕ್ತಿ ನಿಮಗಿಲ್ಲ.”

ವೆಂಕಟರಾಯಪ್ಪ ಒಪ್ಪಿ ತಲೆಯಾಡಿಸಿದ, ಇನ್ನೊಂದು ಮುದ್ದೆ ಹಾಕಿಸಿಕೊಂಡ.